ಊರಿಲ್ಲದ ಹದಿನಾಲ್ಕು ತುಂಡು

ಹಳೆಯ ಬಟ್ಟೆಯ ತುದಿಗೆ ನಾಲ್ಕು ಹನಿ ಅಡುಗೆ ಎಣ್ಣೆ ಬಿಟ್ಟುಕೊಂಡು ಅವಳು ಸ್ಟೀಲ್ ತಟ್ಟೆಯ ಅಂಚನ್ನು ತಿಕ್ಕುತ್ತಿದ್ದಳು. ಎಣ್ಣೆ ಕುಡಿದ ಮೇಲೆ ಚೀಟಿಯ ಕಾಗದ ಮೆತ್ತಗಾಗಿ, ಉಗುರಿನಿಂದ ಎಬ್ಬಿಸಿದರೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಅಡಿಯ ಗೋಂದು ಮಾತ್ರ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ಅದಕ್ಕೆ ಬಿಸಿನೀರು, ಆಮೇಲೆ ಸೋಪು, ಆಮೇಲೆ ಮತ್ತೆ ಉಗುರು. ಒಂದು ತಟ್ಟೆ ಮುಗಿಸಿ ಬೋರಲು ಹಾಕಿ ಇನ್ನೊಂದನ್ನು ಎತ್ತಿಕೊಳ್ಳುವುದು. ಅಂಗಡಿಯ ಶಟರ್ ಇನ್ನೂ ಅರ್ಧಕ್ಕೇ ನಿಂತಿತ್ತು. ದೊಡ್ಡಮ್ಮ ತಕ್ಕಡಿಯ ಗಾಜು ಒರೆಸುತ್ತಿದ್ದಳು. ದೊಡ್ಡಪ್ಪ ಕತ್ತಿ ಮಸೆಯುತ್ತಿದ್ದ. ಮೂವರೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಗುರುವಾರದ ವಿಷಯ ಬರುತ್ತದೆ ಎಂದು ಮೂವರಿಗೂ ಗೊತ್ತಿತ್ತು.

ಅವಳನ್ನು ಮನೆಯಲ್ಲೂ ಅಂಗಡಿಯಲ್ಲೂ ಎಲ್ಲರೂ ಕರೆಯುತ್ತಿದ್ದದ್ದು ಅಳಿಲು ಎಂದು. ಗಿರಾಕಿ ಬಾಗಿಲಿಗೆ ಬಂದರೆ ಸಾಕು, ಕೈಯಲ್ಲಿದ್ದದ್ದನ್ನು ಹಿಡಿದುಕೊಂಡೇ ಹಿಂದಿನ ಕೋಣೆಗೆ ಓಡಿಬಿಡುತ್ತಿದ್ದಳು. ಅಲ್ಲಿಂದ ಬಾಗಿಲ ಸಂದಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದಳು. ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟು ದೊಡ್ಡಪ್ಪನ ಮಾಂಸದ ಅಂಗಡಿ ಸೇರಿ ಆರು ವರ್ಷವಾಗಿತ್ತು. ಮಾಂಸ ಕತ್ತರಿಸಲು ಅವಳಿಗೆ ಬರುತ್ತಿರಲಿಲ್ಲ, ಗಿರಾಕಿಯೊಂದಿಗೆ ಚೌಕಾಸಿ ಅಂತೂ ಕೇಳಲೇಬೇಡಿ. ಆದರೆ ಅಕ್ಷರ ಮುತ್ತಿನಂತಿತ್ತು. ಆದ್ದರಿಂದ ಚೀಟಿಯ ಕೆಲಸ ಅವಳ ಪಾಲಿಗೆ ಬಂತು. ತಟ್ಟೆಗೆ, ಪೊಟ್ಟಣಕ್ಕೆ, ಫ್ರೀಜರಿನ ಬಾಗಿಲಿಗೆ ಅಚ್ಚುಕಟ್ಟಾಗಿ ಬರೆದು ಅಂಟಿಸುವುದು. ತಾನು ಬರೆದದ್ದನ್ನು ಜನ ಗಾಜಿನಾಚೆ ನಿಂತು ಓದುವುದನ್ನು ಸಂದಿಯಿಂದ ನೋಡುವಾಗ ಅವಳಿಗೆ ಒಳಗೊಳಗೇ ಹಿಗ್ಗು.

ಈ ಎಲ್ಲ ರಗಳೆ ಶುರುವಾದದ್ದು ಒಂದು ಪ್ರಶ್ನೆಯಿಂದ.

ಅಂಗಡಿಗೆ ಹೊರದೇಶದ ಕುರಿಮಾಂಸ ಎರಡು ಕಡೆಯಿಂದ ಬರುತ್ತಿತ್ತು, ಮಂಜಿನಲ್ಲಿ ಕಲ್ಲಾಗಿ, ರಟ್ಟಿನ ಪೆಟ್ಟಿಗೆಗಳಲ್ಲಿ. ಆ ಎರಡು ದೇಶಗಳ ಹೆಸರು ನಾಲಿಗೆಗೆ ಕಷ್ಟವೇನಲ್ಲ. ಆದರೂ ಅಂಗಡಿಯಲ್ಲಿ ಯಾರೂ ಹೆಸರು ಹೇಳುತ್ತಿರಲಿಲ್ಲ. ಪೆಟ್ಟಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿಯ ಬಣ್ಣ ನೋಡಿ ಒಂದು ದೇಶ ನೀಲಿ, ಇನ್ನೊಂದು ಹಳದಿ. 'ನೀಲಿ ಬಂತಾ?', 'ಹಳದಿ ಮುಗೀತು' ಎಂದೇ ಮಾತು. ಒಂದು ದಿನ, ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದ ಗಿರಾಕಿಯೊಬ್ಬಳು ಗಾಜಿಗೆ ಮೂಗು ತಾಗಿಸಿ ಕೇಳಿದಳು: "ಈ ಭುಜದ ಮಾಂಸ ಎಲ್ಲೀದು?"

"ನೀಲಿ," ಎಂದ ದೊಡ್ಡಪ್ಪ.

"ಹಳದಿ," ಎಂದಳು ದೊಡ್ಡಮ್ಮ. ಇಬ್ಬರೂ ಒಂದೇ ಉಸಿರಿಗೆ.

ಲೈಬ್ರರಿಯಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. "ನಲವತ್ತು ವರ್ಷ ಭೂಪಟದ ಕಪಾಟು ನೋಡ್ಕೊಂಡಿದೀನಪ್ಪ. ನೀಲಿ ಅನ್ನೋ ದೇಶ ಅದರಲ್ಲಿರಲಿಲ್ಲ. ನೀಲಿ ಇರೋದೆಲ್ಲ ಸಮುದ್ರಾನೇ."

ಗಂಡಹೆಂಡತಿ ಅವಳ ಎದುರಿಗೇ ಜಗಳಕ್ಕೆ ನಿಂತರು. ಅವಳು ಮಾಂಸ ಕೊಳ್ಳದೆ ಹೋದಳು. ಹೋದವಳು ಸುಮ್ಮನಿರಲಿಲ್ಲ, ಇಲಾಖೆಗೆ ಕಾಗದ ಬರೆದಳು. ಗುರುವಾರ ತಪಾಸಣೆ ಮೇಡಂ ಬಂದರು.

ತಪಾಸಣೆ ಮೇಡಂ ಸಿಟ್ಟಿನವರಲ್ಲ. ಸಿಟ್ಟು ಮಾಡುವಷ್ಟು ಶಕ್ತಿಯೂ ಉಳಿದಿಲ್ಲ ಎನ್ನುವಂಥ ದಣಿದ ಮುಖ. ಚಪ್ಪಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒಳಗೆ ಬಂದು, ಒಂದು ತಟ್ಟೆಯನ್ನು ಎತ್ತಿ, ಅಳಿಲಿನ ಮುತ್ತಿನಂಥ ಅಕ್ಷರವನ್ನು ಓದಿದರು. "ಆಮದು ಮಾಂಸ. ತಾಜಾ." ನಿಧಾನವಾಗಿ ತಲೆಯೆತ್ತಿದರು. "ತಾಜಾ?"

"ತಾಜಾನೇ ಮೇಡಂ," ಎಂದ ದೊಡ್ಡಪ್ಪ.

"ತಿಂಗಳುಗಟ್ಟಲೆ ಮಂಜಲ್ಲಿದ್ದದ್ದು."

"ಕರಗಿದ್ದು ಇವತ್ತು ಬೆಳಗ್ಗೆ ತಾನೇ ಮೇಡಂ?"

ಮೇಡಂ ಕಣ್ಣು ಮುಚ್ಚಿ ತೆರೆದರು. ಚೀಲದಿಂದ ನಾಲ್ಕು ಪುಟದ ಹೊಸ ನಿಯಮ ತೆಗೆದು ಮೇಜಿನ ಮೇಲಿಟ್ಟರು. ಇನ್ನು ಮೇಲೆ ಪ್ರತಿ ಪೊಟ್ಟಣದ ಮೇಲೂ ಪ್ರಾಣಿಯನ್ನು ಸಾಕಿದ ದೇಶ, ಕೊಯ್ದ ದೇಶ, ಮಂಜುಗಟ್ಟಿಸಿದ ದಿನ, ಕರಗಿಸಿದ ದಿನ, ಪೆಟ್ಟಿಗೆಯ ಬ್ಯಾಚ್ ಸಂಖ್ಯೆ ಎಲ್ಲವೂ ಇರಬೇಕು. ಜೊತೆಗೆ 'ಮತ್ತೆ ಮಂಜುಗಟ್ಟಿಸಬೇಡಿ' ಎಂಬ ಮಾತು. ಶನಿವಾರ ಹನ್ನೆರಡು ಗಂಟೆಯೊಳಗೆ ಆಗಬೇಕು. ಚೀಟಿ ಬರೆಯುವವರು ಒಂದು ಘೋಷಣೆಗೆ ಸಹಿ ಹಾಕಬೇಕು: ಮೂಲ ಪೆಟ್ಟಿಗೆಯ ಚೀಟಿಯನ್ನು ನಾನೇ ಕಣ್ಣಾರೆ ನೋಡಿ ಬರೆದಿದ್ದೇನೆ, ಇದೆಲ್ಲ ನಿಜ.

"ಚೀಟಿ ಯಾರು ಬರೆಯೋದು ಇಲ್ಲಿ?"

"ಅದೆಲ್ಲ ನಮ್ಮ ಹುಡುಗೀದು ಮೇಡಂ," ಎಂದುಬಿಟ್ಟ ದೊಡ್ಡಪ್ಪ. ಕೈ ತೊಳೆದುಕೊಂಡವನ ಹಾಗೆ ಏಪ್ರನ್ನಿಗೆ ಎರಡೂ ಕೈ ಒರೆಸಿಕೊಂಡ. "ಚೀಟಿ ವಿಷಯಕ್ಕೆ ನಾವ್ಯಾರೂ ತಲೆ ಹಾಕಲ್ಲ. ಏ ಅಳಿಲು, ಬಾ ಇಲ್ಲಿ."

ಅಳಿಲು ಬಾಗಿಲ ಸಂದಿಯಿಂದ ಈಚೆ ಬಂದು ಗೋಡೆಗೆ ಒರಗಿ ನಿಂತಳು. ಮೇಡಂ ಅವಳ ಪೂರ್ತಿ ಹೆಸರು ಕೇಳಿ ಕಾಗದದ ಮೇಲೆ ಬರೆದುಕೊಂಡರು. ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ದನಿ ತಗ್ಗಿಸಿ ಓದಿ ಹೇಳಿದರು. "ಸುಳ್ಳು ಅಂತ ಗೊತ್ತಾದ್ರೆ ಐದು ವರ್ಷ ಯಾವ ಅಂಗಡೀಲೂ, ಹೋಟೆಲಲ್ಲೂ ತಿನ್ನೋ ಪದಾರ್ಥ ಮುಟ್ಟೋ ಕೆಲಸ ಸಿಗಲ್ಲ ನಿನಗೆ. ಓದಿಕೊಂಡು ಸಹಿ ಮಾಡಮ್ಮ. ಅವಸರ ಇಲ್ಲ."

"ಯಾವುದಾದ್ರೂ ಎಲ್ಲೀದು ಅಂತ ಗೊತ್ತಾಗದೆ ಹೋದ್ರೆ?" ಎಂದು ದೊಡ್ಡಮ್ಮ ಕೇಳಿದಳು.

"ಅದನ್ನ ನಾವು ತಗೊಂಡು ಹೋಗಿ ನಾಶ ಮಾಡ್ತೀವಿ. ಬಾಗಿಲಿಗೆ ಒಂದು ಬೋರ್ಡು, ಒಂದು ತಿಂಗಳು. ಈ ಅಂಗಡಿ ನಿಯಮ ಮೀರಿದೆ ಅಂತ."

ಬೋರ್ಡು ಎಂಬ ಮಾತಿಗೆ ದೊಡ್ಡಪ್ಪನ ಮುಖ ಸುಟ್ಟ ಬದನೆಯಂತಾಯಿತು.

ಶುಕ್ರವಾರವಿಡೀ ಅಳಿಲು ಆ ನಾಲ್ಕು ಪುಟದೊಂದಿಗೆ ಗುದ್ದಾಡಿದಳು. ಚೀಟಿ ಮುದ್ರಿಸುವ ಪುಟ್ಟ ಯಂತ್ರದಲ್ಲಿ ನಾಲ್ಕೇ ಸಾಲು ಹಿಡಿಯುತ್ತಿತ್ತು. ನಿಯಮಕ್ಕೆ ಒಂಬತ್ತು ಸಾಲು ಬೇಕು. ಅಕ್ಷರ ಚಿಕ್ಕದು ಮಾಡೋಣವೆಂದರೆ ಎರಡನೆಯ ಪುಟದಲ್ಲಿ ಅಕ್ಷರದ ಎತ್ತರಕ್ಕೂ ಅಳತೆ ಕೊಟ್ಟಿದ್ದರು. ಸರಿ, ಒಂದು ಪೊಟ್ಟಣಕ್ಕೆ ಮೂರು ಚೀಟಿ ಅಂಟಿಸಿದಳು. ಮೂರನೆಯ ಪುಟ ತಿರುವಿದರೆ ಅಲ್ಲಿ, ಚೀಟಿಯು ಮಾಂಸವನ್ನು ಗಿರಾಕಿಯ ಕಣ್ಣಿಗೆ ಮರೆಮಾಡಬಾರದು ಎಂದಿತ್ತು.

ದೊಡ್ಡಮ್ಮ ಒಂದು ಪೊಟ್ಟಣವನ್ನು ಎತ್ತಿ, ತಿರುಗಿಸಿ ಮುರುಗಿಸಿ ನೋಡಿದಳು. ಮೇಲೆ ಕಾಗದ, ಪಕ್ಕಕ್ಕೆ ಕಾಗದ, ಸಂದಿಯಲ್ಲಿ ಬೆರಳಗಲ ಮಾಂಸ. "ನಾವು ಮಾಂಸ ಮಾರ್ತಿದೀವೋ ಪಂಚಾಂಗ ಮಾರ್ತಿದೀವೋ?"

"ಹಿಂಭಾಗಕ್ಕೆ ಹಚ್ಚಲಾ ದೊಡ್ಡಮ್ಮ?"

"ಹಿಂಭಾಗಕ್ಕೆ ಹಚ್ಚಿದ್ರೆ ಎದುರಿಗೆ ಕಾಣಲ್ಲ ಅಂತಾರೆ. ಪುಟ ತಿರುವು, ಅದೂ ಇರುತ್ತೆ."

ಪುಟ ತಿರುವಿದಳು. ಅದೂ ಇತ್ತು.

ಕಡೆಗೆ ದೊಡ್ಡ ತಟ್ಟೆಗೆ ಚಿಕ್ಕ ತುಂಡು ಇಟ್ಟು, ಸುತ್ತ ಉಳಿದ ಖಾಲಿ ಜಾಗಕ್ಕೆ ಚೀಟಿ ಹಚ್ಚುವ ಉಪಾಯ ಅವಳೇ ಕಂಡುಹಿಡಿದಳು. ಅದಕ್ಕಾಗಿಯೇ ಶನಿವಾರ ಬೆಳಗ್ಗೆ ಈ ಹಳೆಯ ತಟ್ಟೆಗಳನ್ನು ತಿಕ್ಕುವ ಕೆಲಸ. ಅಷ್ಟರಮಟ್ಟಿಗೆ ಎಲ್ಲ ಸರಿ ಹೋದಂತೆಯೇ. ನಿಜವಾದ ಪೇಚಾಟ ಮಾತ್ರ ಇನ್ನೂ ತಣ್ಣನೆಯ ಕೋಣೆಯಲ್ಲಿ ಕೂತಿತ್ತು.

ಏನೆಂದರೆ, ಮೂಲ ಪೆಟ್ಟಿಗೆಗಳೇ ಇರಲಿಲ್ಲ. ಪೆಟ್ಟಿಗೆ ಬಂದ ಕೂಡಲೇ ಒಡೆದು, ತೊಡೆಯನ್ನೆಲ್ಲ ಒಂದು ಕಡೆ, ಕುತ್ತಿಗೆಯನ್ನೆಲ್ಲ ಒಂದು ಕಡೆ, ಭುಜವನ್ನೆಲ್ಲ ಒಂದು ಕಡೆ ಜೋಡಿಸುವುದು ದೊಡ್ಡಪ್ಪನ ಪದ್ಧತಿ. ಕೈ ಹಾಕಿದರೆ ಬೇಕಾದದ್ದು ಸಿಗಬೇಕು, ಅಷ್ಟೇ. ಖಾಲಿ ರಟ್ಟನ್ನು ಚಪ್ಪಟೆ ಮಾಡಿ ತಣ್ಣನೆಯ ಕೋಣೆಯ ನೆಲಕ್ಕೆ ಹಾಸುತ್ತಿದ್ದರು, ಕಾಲು ಜಾರದಿರಲಿ ಎಂದು. ಇಲಾಖೆಗೆ ಬೇಕಾದ ಊರು, ದಿನ, ಸಂಖ್ಯೆ ಎಲ್ಲವನ್ನೂ ಅಂಗಡಿಯವರು ತಿಂಗಳುಗಟ್ಟಲೆ ಬೂಟುಗಾಲಲ್ಲಿ ತುಳಿದುಕೊಂಡು ಓಡಾಡಿದ್ದರು.

ತಟ್ಟೆ ತಿಕ್ಕಿ ಮುಗಿಸಿ ಅಳಿಲು ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಆ ಕೋಣೆಗೆ ಹೋದಳು. ಮಂಡಿಯೂರಿ ಕೂತು ಒಂದೊಂದೇ ರಟ್ಟನ್ನು ನೆಲದಿಂದ ಬಿಡಿಸಿದಳು. ಕೆಲವು ನೆಲಕ್ಕೆ ಮಂಜಿನಲ್ಲಿ ಅಂಟಿ ಹರಿದುಬಂದವು. ಕೆಲವುದರ ಮೇಲೆ ದೊಡ್ಡಪ್ಪನ ಮಗನ ಬೂಟಿನ ಗುರುತು ಅಕ್ಷರಕ್ಕಿಂತ ಸ್ಪಷ್ಟವಾಗಿತ್ತು. ಬಾಯಿಯ ಆವಿ ಬಿಟ್ಟು, ಬೆರಳಿಂದ ಉಜ್ಜಿ, ಓದಲು ಬಂದದ್ದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಂಡಳು. ಬೆರಳಿನ ತುದಿ ಮರಗಟ್ಟಿದಾಗ ಕಂಕುಳಲ್ಲಿಟ್ಟುಕೊಂಡು ಕೂರುವಳು, ಮತ್ತೆ ಬರೆಯುವಳು.

ಒಂದು ಗಂಟೆಯ ಮೇಲೆ ಲೆಕ್ಕ ಹೀಗಾಯಿತು: ತೊಡೆ ಬಂದದ್ದೆಲ್ಲ ನೀಲಿ ಪೆಟ್ಟಿಗೆಯಲ್ಲಿ, ಒಂದೇ ಬ್ಯಾಚು. ಕುತ್ತಿಗೆ ಎಲ್ಲ ಹಳದಿ. ಅಲ್ಲಿಗೆ ಅವೆರಡರ ಚಿಂತೆ ಹರಿಯಿತು. ಭುಜ ಮಾತ್ರ ಎರಡೂ ಕಡೆಯಿಂದ ಬಂದಿತ್ತು. ಫ್ರೀಜರಿನಲ್ಲಿ ಭುಜದ ಹದಿನೈದು ತುಂಡು ಉಳಿದಿದ್ದವು. ಒಂದರ ಪ್ಲಾಸ್ಟಿಕ್ಕಿನ ಮೂಲೆಯಲ್ಲಿ, ಮಂಜು ಉಜ್ಜಿದಾಗ, ದಿನ, ಸಂಖ್ಯೆಯ ಸಮೇತ ಹಳದಿ ದೇಶದ ಮುದ್ರೆ ಕಂಡಿತು. ಮಿಕ್ಕ ಹದಿನಾಲ್ಕರ ಮೇಲೆ ಏನೂ ಇರಲಿಲ್ಲ. ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಸಾಲಾಗಿ ಮಲಗಿದ್ದವು.

ಹೊರಗೆ ಬಂದು ದೊಡ್ಡಪ್ಪನಿಗೆ ಹೇಳಿದಳು. ಅವಳು ಹೇಳುವುದು ಎಂದರೆ ಅವನ ಮೊಣಕೈ ಹತ್ತಿರ ನಿಂತು, ಅವನು ತಿರುಗುವವರೆಗೆ ಕಾಯುವುದು.

"ಇಷ್ಟಕ್ಕಾ?" ಎಂದು ದೊಡ್ಡಪ್ಪ ನಕ್ಕ. "ಮೂವತ್ತು ವರ್ಷದಿಂದ ಈ ಕೈ ಏನು ಕಲ್ಲು ಹೊತ್ತಿದೆಯಾ? ತಾ ಇಲ್ಲಿ. ಕಣ್ಣು ಮುಚ್ಕೊಂಡು ಹೇಳ್ತೀನಿ."

ಅಳಿಲು ಒಳಗೆ ಹೋದಳು. ಯಾವುದನ್ನು ತರಲಿ ಎಂದು ಒಂದು ಗಳಿಗೆ ನಿಂತಳು. ಆಮೇಲೆ ಮುದ್ರೆಯಿದ್ದ ಆ ಒಂದನ್ನೇ ಎತ್ತಿ, ಮುದ್ರೆಯ ಮೂಲೆಯನ್ನು ಅಂಗೈಯಲ್ಲಿ ಮುಚ್ಚಿ ತಂದಳು. ದೊಡ್ಡಪ್ಪನನ್ನು ಪರೀಕ್ಷೆ ಮಾಡಬೇಕೆಂದಲ್ಲ. ಅವನು ಸರಿಯಾಗಿ ಹೇಳಿದರೆ ಮಿಕ್ಕ ಹದಿನಾಲ್ಕನ್ನೂ ಅವನ ಮಾತಿನ ಮೇಲೆ ಬರೆಯಬಹುದಲ್ಲ, ಎಂಬ ಆಸೆ.

ದೊಡ್ಡಪ್ಪ ಕೊಬ್ಬಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದ. ಮೂಸಿ ನೋಡಿದ. "ನೀಲಿ. ಅನುಮಾನಾನೇ ಬೇಡ."

ಅವಳ ಅಂಗೈಯಡಿ ಇದ್ದದ್ದು ಹಳದಿಯ ಮುದ್ರೆ. ಬಹುಶಃ ಬೆಳಕು ಸರಿಯಿರಲಿಲ್ಲವೇನೋ. ಒಳಗೆ ಹೋಗಿ, ಹತ್ತು ನಿಮಿಷ ಬಿಟ್ಟು, ಅದೇ ತುಂಡನ್ನು ತಲೆಕೆಳಗು ಮಾಡಿ ಮತ್ತೆ ತಂದಳು.

"ಇದು ಹಳದಿ," ಎಂದ ದೊಡ್ಡಪ್ಪ, ಈ ಸಲ ಮುಟ್ಟದೆಯೇ. "ಕೊಬ್ಬು ನೋಡು ಹೇಗಿದೆ. ಆಗ ತಂದೆಯಲ್ಲ, ಅದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ? ಆರು ವರ್ಷ ಆಯ್ತು, ಇಷ್ಟೂ ಗೊತ್ತಾಗಲ್ವಾ ನಿನಗೆ? ಬೆಪ್ಪುತಕ್ಕಡಿ."

ಅಳಿಲು ತುಂಡನ್ನು ಒಯ್ದು ಅದರ ಜಾಗದಲ್ಲಿಟ್ಟಳು. ತಣ್ಣನೆಯ ಕೋಣೆಯಲ್ಲಿ ನಿಂತುಕೊಂಡೇ ಅವಳ ಕಿವಿ ಬಿಸಿಯಾಯಿತು. ದೊಡ್ಡಪ್ಪ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಾಗಿದ್ದರೆ ಎಷ್ಟೋ ವಾಸಿಯಿತ್ತು. ಅವನಿಗೆ ತನ್ನ ಕೈಮೇಲೆ ಪೂರ್ತಿ ನಂಬಿಕೆ; ಕೈಗೆ ಮಾತ್ರ ಏನೂ ಗೊತ್ತಿರಲಿಲ್ಲ.

ಹನ್ನೊಂದೂಕಾಲು. ದೊಡ್ಡಪ್ಪ ಅವಸರ ಮಾಡತೊಡಗಿದ. "ಹದಿನಾಲ್ಕಕ್ಕೂ ನೀಲಿ ಅಂತ ಹಾಕು. ತೊಡೆ ಮಾಂಸದ ಬ್ಯಾಚ್ ಸಂಖ್ಯೆ ಇದೆಯಲ್ಲ, ಅದನ್ನೇ ಒತ್ತು."

"ನೀಲಿ ಯಾಕೆ? ಹಳದಿ ಹಾಕ್ಲಿ," ಎಂದಳು ದೊಡ್ಡಮ್ಮ. "ಅವತ್ತು ನಾನು ಹೇಳಿದ್ದು ಹಳದಿ. ಆ ಲೈಬ್ರರಿಯಮ್ಮ ಮತ್ತೆ ಬಂದ್ರೆ ನನ್ನ ಮುಖ ಎಲ್ಲಿಡಲಿ?"

"ನಿನ್ನ ಮುಖಕ್ಕೆ ಕುರಿ ದೇಶ ಬದಲಾಯಿಸುತ್ತಾ?"

"ನಿಮ್ಮ ಮೂಗಿಗೆ ಬದಲಾಯಿಸೋದಾದ್ರೆ ನನ್ನ ಮುಖಕ್ಕೇನು ಕಮ್ಮಿ?"

ಇವರಿಬ್ಬರ ಮಗ, ಅಳಿಲು 'ಅಣ್ಣ' ಎಂದು ಕರೆಯುತ್ತಿದ್ದವನು, ಮೂಳೆ ಕೊಯ್ಯುವ ಯಂತ್ರದ ಮುಂದೆ ಕಿವಿಗೆ ಮುಚ್ಚಳ ಹಾಕಿಕೊಂಡು ನಿಂತಿರುತ್ತಿದ್ದ. ಮನೆಯಲ್ಲಿ ಜಗಳ ಶುರುವಾದಾಗ ಯಂತ್ರ ನಿಂತಿದ್ದರೂ ಮುಚ್ಚಳ ತೆಗೆಯುತ್ತಿರಲಿಲ್ಲ. ಈಗ ಒಂದು ಕಿವಿಯದನ್ನು ಮಾತ್ರ ಸರಿಸಿದ. "ಅರೆದು ಕೈಮಾ ಮಾಡಿಬಿಡೋಣ. ಕೈಮಾಕ್ಕೆ ಎರಡು ದೇಶ ಬರೀಬಹುದು ಅಂತ ಇದೆಯಲ್ಲ?"

ದೊಡ್ಡಪ್ಪನ ಮುಖ ಅರಳಿತು. ದೊಡ್ಡಮ್ಮನದೂ. ಅಳಿಲು ನಾಲ್ಕನೆಯ ಪುಟ ತೆಗೆದು, ಬೆರಳಿಟ್ಟು, ಮೆಲ್ಲಗೆ ಓದಿದಳು: ಯಾವ ದೇಶದ ಮಾಂಸ ಹೆಚ್ಚಿದೆಯೋ ಅದನ್ನು ಮೊದಲು ಬರೆಯತಕ್ಕದ್ದು.

"ಯಾವುದು ಹೆಚ್ಚಿದೆ?" ಎಂದ ಅಣ್ಣ.

ಕೇಳಿದವನೇ ಮುಚ್ಚಳವನ್ನು ಮತ್ತೆ ಕಿವಿಗೆ ಎಳೆದುಕೊಂಡ.

"ಗೊತ್ತಾಗಲ್ಲ ಅಂತ ಮೇಡಂಗೆ ಹೇಳಿಬಿಡೋಣ ದೊಡ್ಡಪ್ಪ," ಎಂದಳು ಅಳಿಲು. "ಹದಿನಾಲ್ಕೇ ತಾನೇ ಹೋಗೋದು."

"ಮತ್ತೆ ಬೋರ್ಡು? ಒಂದು ತಿಂಗಳು ಬಾಗಿಲಿಗೆ ನೇತಾಡುತ್ತಲ್ಲ, ಅದನ್ನ ನೀನು ಓದ್ಕೊಂಡು ಕೂತಿರ್ತೀಯಾ? ನಮ್ಮಪ್ಪನ ಕಾಲದಿಂದ ಈ ಬಾಗಿಲಿಗೆ ಒಂದು ಮೊಳೆ ಹೊಡೆದಿಲ್ಲ ಯಾರೂ." ದೊಡ್ಡಪ್ಪ ಕತ್ತಿಯನ್ನು ಹಲಗೆಗೆ ಕುಕ್ಕಿದ. ಆಮೇಲೆ ದನಿ ಮೆತ್ತಗೆ ಮಾಡಿದ; ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. "ನೋಡು ಮಗಳೇ, ಆ ಕುರಿಗೇ ಗೊತ್ತಿಲ್ಲ ತಾನು ಯಾವ ದೇಶದ್ದು ಅಂತ. ಯಾರು ಬಂದು ಕೇಳ್ತಾರೆ? ಒಂದು ಸಹಿ. ಅಷ್ಟೇ. ಶಾಲೆ ಬಿಟ್ಟು ಬಂದಾಗ ಯಾರು ಕರ್ಕೊಂಡ್ರು ನಿನ್ನನ್ನ?"

"ಅದನ್ನೆಲ್ಲ ಈಗ ಯಾಕೆ ಎತ್ತುತ್ತೀರಿ?" ಎಂದಳು ದೊಡ್ಡಮ್ಮ. ಆದರೆ ಅಳಿಲಿನ ಪರವಾಗಿ ಮುಂದೆ ಒಂದು ಮಾತೂ ಆಡದೆ ತೂಕದ ಬಟ್ಟಲನ್ನು ಒರೆಸಿದಳು, ಅದು ಆಗಲೇ ಕನ್ನಡಿಯಂತಿದ್ದರೂ.

ಅಳಿಲು ಚೀಟಿ ಯಂತ್ರದ ಮುಂದೆ ಕೂತಳು. ತೊಡೆಗೆ ನೀಲಿಯ ಹೆಸರು, ಕುತ್ತಿಗೆಗೆ ಹಳದಿಯ ಹೆಸರು, ನೆಲದಿಂದ ಬಿಡಿಸಿಕೊಂಡ ದಿನ, ಸಂಖ್ಯೆ. ಚೀಟಿಗಳು ಒಂದರ ಹಿಂದೊಂದು ಹೊರಬಂದವು. ಯಂತ್ರಕ್ಕೆ ಹಿಡಿಯದ ಸಾಲುಗಳನ್ನು ಕೈಯಲ್ಲೇ ಬರೆದಳು. ಮೂಲೆ ಮಡಚದ ಹಾಗೆ, ಗುಳ್ಳೆ ಏಳದ ಹಾಗೆ ಅಂಟಿಸಿದಳು. ಮುದ್ರೆಯಿದ್ದ ಒಂದು ಭುಜಕ್ಕೂ ಅಂಟಿಸಿದಳು. ಹದಿನಾಲ್ಕರ ಸರದಿ ಬಂದಾಗ ಅವಳ ಬೆರಳು ಯಂತ್ರದ ಗುಂಡಿಯ ಮೇಲೇ ಇತ್ತು. ಒತ್ತಿದರೆ ಅರ್ಧ ಗಂಟೆಯ ಕೆಲಸ. ಐದು ವರ್ಷ ಎಂದರೆ ಎಷ್ಟು ಎಂದು ಅವಳು ಎಣಿಸಲು ನೋಡಿದಳು. ಅವಳಿಗೆ ಬರುತ್ತಿದ್ದ ಕೆಲಸ ಇದೊಂದೇ. ಬರೆದದ್ದನ್ನು ಜನ ನಂಬಿ ಓದುತ್ತಿದ್ದರು. ಅವಳ ಬಾಯಿಂದ ಬಂದ ಮಾತನ್ನು ಇಷ್ಟು ವರ್ಷದಲ್ಲಿ ಯಾರೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಬೆರಳು ತೆಗೆದಳು.

ಹನ್ನೆರಡಕ್ಕೆ ಇನ್ನೂ ಎರಡು ನಿಮಿಷವಿರುವಾಗಲೇ ಮೇಡಂ ಚಪ್ಪಲಿಗೆ ಚೀಲ ಕಟ್ಟಿಕೊಳ್ಳುತ್ತ ಬಾಗಿಲಲ್ಲಿ ಕಂಡರು. ತೊಡೆಯ ತಟ್ಟೆ ಎತ್ತಿದರು, ಓದಿದರು, ಇಟ್ಟರು. ಕುತ್ತಿಗೆಯದನ್ನು ಎತ್ತಿದರು, ಓದಿದರು. ದಣಿದ ಮುಖದಲ್ಲಿ ಮೊದಲ ಸಲ ಏನೋ ಸಡಿಲವಾಯಿತು. "ಎಂಟು ಅಂಗಡಿ ನೋಡಿ ಬಂದೆ ಈ ವಾರ. ಓದೋ ಹಾಗಿರೋದು ಇದೊಂದೇ. ಯಂತ್ರ ಸಾಲದ ಕಡೆ ಕೈಯಲ್ಲಿ ಬರೆದವಳು ನೀನೇನಾ?"

ಅಳಿಲು ತಲೆಯಾಡಿಸಿದಳು.

"ಮತ್ತೆ ಇವು?" ಮೇಡಂ ಚೀಟಿಯಿಲ್ಲದ ಭುಜದ ಸಾಲನ್ನು ತೋರಿಸಿದರು.

"ಅವು ನೀಲಿ ಮೇಡಂ. ಅಂದ್ರೆ..." ಎನ್ನುತ್ತ ದೊಡ್ಡಪ್ಪ ಆ ದೇಶದ ಹೆಸರನ್ನು ಪೂರ್ತಿಯಾಗಿ, ಪಾಠ ಒಪ್ಪಿಸುವವನಂತೆ ಹೇಳಿದ. "ಹದಿನಾಲ್ಕೂ ಅದೇ. ಚೀಟಿ ಹಚ್ಚೋದೊಂದು ಬಾಕಿ. ಈಗ ಹಚ್ಚಿಬಿಡ್ತಾಳೆ. ಪೆಟ್ಟಿಗೆ ಚೀಟಿನೆಲ್ಲ ಅವಳೇ ನೋಡಿದಾಳೆ, ಕಣ್ಣಲ್ಲಿ ಕಣ್ಣಿಟ್ಟು. ಅಲ್ವೇನೇ?"

ದೊಡ್ಡಮ್ಮ ತುಟಿ ಕಚ್ಚಿ ಹಿಡಿದಳು. ಹಳದಿಯ ವಾದ ಅಲ್ಲಿಗೆ ಮುಗಿಯಿತು.

ಮೇಡಂ ಘೋಷಣೆಯ ಕಾಗದವನ್ನು ಗಾಜಿನ ಮೇಲೆ ಬಿಡಿಸಿ, ಅಳಿಲಿನ ಕಡೆಗೆ ತಿರುಗಿಸಿಟ್ಟರು. ಅವಳ ಪೂರ್ತಿ ಹೆಸರು ಅಲ್ಲಿ ಮೊದಲೇ ಬರೆದಿತ್ತು. ಅದರ ಕೆಳಗೆ ಮೇಡಂ ಒಂದೊಂದು ಮಾಂಸಕ್ಕೂ ಒಂದೊಂದು ಸಾಲು ಬರೆದು, ಪ್ರತಿ ಸಾಲಿನ ಮುಂದೆ ಸಹಿಗೆ ಖಾಲಿ ಗೆರೆ ಎಳೆದರು. ಮೇಡಂ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಅಣ್ಣ ಯಂತ್ರ ನಿಲ್ಲಿಸಿ ಎರಡೂ ಕಿವಿಯ ಮುಚ್ಚಳ ತೆಗೆದು ಕುತ್ತಿಗೆಗೆ ಇಳಿಸಿಕೊಂಡ. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಬಾಗಿಲ ಸಂದಿ ಹತ್ತು ಹೆಜ್ಜೆ ದೂರದಲ್ಲಿತ್ತು; ಅವಳು ಒಮ್ಮೆ ಅತ್ತ ನೋಡಿದಳು.

ಆಮೇಲೆ ತೊಡೆ, ಕುತ್ತಿಗೆ, ಮುದ್ರೆಯಿದ್ದ ಒಂದು ಭುಜ ಎಂದು ಬರೆದಿದ್ದ ಸಾಲುಗಳ ಪಕ್ಕ ತನ್ನ ಹೆಸರಿನ ಮೊದಲ ಅಕ್ಷರವನ್ನು ದುಂಡಗೆ ಬರೆದಳು. ಭುಜ, ಹದಿನಾಲ್ಕು ಎಂದಿದ್ದ ಸಾಲಿಗೆ ಬಂದಾಗ ಪೆನ್ನನ್ನು ಎತ್ತಿದಳು. ಕಾಗದವನ್ನು ಗಾಜಿನ ಮೇಲೆ ನಿಧಾನವಾಗಿ ಅರ್ಧ ಸುತ್ತು ತಿರುಗಿಸಿ, ಅದರ ಮೇಲೆ ಪೆನ್ನಿಟ್ಟು, ಎರಡು ಬೆರಳಿನಿಂದ ಆಚೆಗೆ ತಳ್ಳಿದಳು.

"ದೊಡ್ಡಪ್ಪ," ಎಂದಳು. ಅವಳ ದನಿ ಬೀದಿಯವರೆಗೂ ಕೇಳಿಸುವಷ್ಟಿತ್ತು. "ಈ ಹದಿನಾಲ್ಕಕ್ಕೆ ನೀವೇ ಸಹಿ ಮಾಡಿ."

ದೊಡ್ಡಪ್ಪ ಏಪ್ರನ್ನಿಗೆ ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಮೇಡಂ ಕಾಗದವನ್ನು ನೋಡುತ್ತಿದ್ದರು, ದೊಡ್ಡಮ್ಮ ತಕ್ಕಡಿಯನ್ನು.

"ನೀವೇ ಮಾಡಿ ದೊಡ್ಡಪ್ಪ."